ಸೆಮಿ ಹಾಲೋ ಗಿಟಾರ್ ಮಾಡಿಸುವ ಮೊದಲು

ಗಿಟಾರ್ ಮಾಡಿಸುತ್ತೀನಿ ಅಂದೆಯಲ್ಲ, ಕೇಳಿ ಸಂತೋಷವಾಯಿತಮ್ಮ. ಸ್ವಂತ ದುಡಿಮೆಯ ದುಡ್ಡಿನಲ್ಲಿ ತನ್ನ ಕೈಗೆ ಒಪ್ಪುವ ವಾದ್ಯವನ್ನು ಹೇಳಿ ಮಾಡಿಸಿಕೊಳ್ಳುವುದು ದುಂದಲ್ಲ. ಅದರಲ್ಲೂ ಸೆಮಿ ಹಾಲೋ ಬೇಕು ಅಂದಾಗ ನನಗೆ ಇನ್ನೂ ಖುಷಿ. ಆದರೆ ನೀನು ಕಳಿಸಿದ ಪಟ್ಟಿ ಓದಿದೆ. ಬಣ್ಣ, ಮೇಪಲ್ ಮರದ ಹುಲಿಪಟ್ಟೆ, ಚಿನ್ನದ ಲೇಪದ ಕೀಲಿಗಳು, ಹೆಡ್‌ಸ್ಟಾಕಿನ ಮೇಲೆ ಮುತ್ತಿನ ಚಿಪ್ಪಿನಲ್ಲಿ ನಿನ್ನ ಹೆಸರು, ಇವೆಲ್ಲ ಮೊದಲು ಬಂದಿವೆ. ಒಳಗಿನ ದಿಮ್ಮಿಯ ಬಗ್ಗೆ ಒಂದು ಸಾಲೂ ಇಲ್ಲ. ನೆಕ್ಕಿನ ದಪ್ಪದ ಮುಂದೆ ‘ಮಾಮೂಲಿ’ ಅಂತ ಬರೆದುಬಿಟ್ಟಿದ್ದೀಯ. ಆ ಪಟ್ಟಿಯನ್ನು ತಿರುಗಿಸಿ ಬರಿ, ಒಳಗಿನಿಂದ ಹೊರಗೆ. ಯಾಕೆ ಅಂತ ಹೇಳುತ್ತೇನೆ.

ಎಫ್ ಆಕಾರದ ಎರಡು ತೂತು ನೋಡಿದವರು ಈ ಗಿಟಾರ್ ಪೂರ್ತಿ ಟೊಳ್ಳು ಅಂದುಕೊಳ್ಳುತ್ತಾರೆ. ತೂತಿನೊಳಕ್ಕೆ ಟಾರ್ಚ್ ಹಿಡಿದು ನೋಡು. ನೆಕ್ ಬಂದು ಕೂಡುವಲ್ಲಿಂದ ಕೆಳತುದಿಯವರೆಗೆ ನಡುವೆ ಒಂದು ಗಟ್ಟಿ ಮರದ ದಿಮ್ಮಿ ಓಡುತ್ತದೆ. ಅದೇ ಸೆಂಟರ್ ಬ್ಲಾಕ್. ಬ್ರಿಡ್ಜು, ಪಿಕಪ್ಪು, ತಂತಿಗಳ ಬಿಗಿತ ಎಲ್ಲವನ್ನೂ ಹೊರುವುದು ಅದು. ಎಡಬಲದ ಎರಡು ರೆಕ್ಕೆಗಳಷ್ಟೇ ಟೊಳ್ಳು.

ಆ ದಿಮ್ಮಿ ಅಲ್ಲಿ ಬಂದದ್ದು ಒಂದು ಕಾಟ ತಾಳಲಾರದೆ. 1936ರಲ್ಲಿ ಗಿಬ್ಸನ್ ಕಂಪನಿ ಟೊಳ್ಳು ಗಿಟಾರಿಗೆ ಪಿಕಪ್ ಕೂರಿಸಿ ಇಎಸ್-150 ಮಾಡಿತು. ಚಾರ್ಲಿ ಕ್ರಿಶ್ಚಿಯನ್ ಅದನ್ನು ಹಿಡಿದು ಬೆನ್ನಿ ಗುಡ್‌ಮನ್ ತಂಡದಲ್ಲಿ ನುಡಿಸಿದಾಗ, ಹಿಂದೆ ಕೂತು ತಾಳ ಹಾಕುತ್ತಿದ್ದ ಗಿಟಾರ್ ಸ್ಯಾಕ್ಸೊಫೋನಿನ ಪಕ್ಕಕ್ಕೆ ಬಂದು ನಿಂತಿತು. ಆದರೆ ಆಂಪಿನ ವಾಲ್ಯೂಮ್ ಏರಿಸುತ್ತ ಹೋದರೆ ಸ್ಪೀಕರಿನ ಸದ್ದು ಗಿಟಾರಿನ ಮೇಲ್ಹಲಗೆಯನ್ನು, ಅಂದರೆ ಟಾಪನ್ನು ನಡುಗಿಸುತ್ತದೆ, ಟಾಪ್ ತಂತಿಯನ್ನು ನಡುಗಿಸುತ್ತದೆ, ಆ ನಡುಕವನ್ನು ಪಿಕಪ್ ಹಿಡಿದು ಮತ್ತೆ ಸ್ಪೀಕರಿಗೇ ಕಳಿಸುತ್ತದೆ. ಹೀಗೆ ಸುತ್ತಿ ಸುತ್ತಿ ಕೊನೆಗೆ ಊಳಿಡುವುದೇ ಫೀಡ್‌ಬ್ಯಾಕ್. 1940ರ ಆಸುಪಾಸಿನಲ್ಲಿ ಗಿಟಾರ್ ವಾದಕ ಲೆಸ್ ಪಾಲ್ ಪೈನ್ ಮರದ ಒಂದು ದಪ್ಪ ತೊಲೆಗೆ ತಂತಿ ಬಿಗಿದು, ನೋಡುವವರಿಗೆ ಗಿಟಾರಿನಂತೆ ಕಾಣಲಿ ಎಂದು ಎಪಿಫೋನ್ ಗಿಟಾರೊಂದರ ಎರಡು ಪಕ್ಕಗಳನ್ನು ಕತ್ತರಿಸಿ ಅಂಟಿಸಿದ. ಅದಕ್ಕೆ ‘ದಿ ಲಾಗ್’ ಎಂದೇ ಹೆಸರಾಯಿತು. ಅದನ್ನು ತೋರಿಸಿದಾಗ ಗಿಬ್ಸನ್‌ನವರು ಒಪ್ಪಲಿಲ್ಲ. 1950ರ ದಶಕದಲ್ಲಿ ಫೆಂಡರ್‌ನ ಗಟ್ಟಿ ಮೈಯ ಗಿಟಾರ್‌ಗಳು ಬಂದು ಫೀಡ್‌ಬ್ಯಾಕಿನ ಕಾಟ ಹೋಯಿತು. ಜೊತೆಗೆ ಟೊಳ್ಳು ಗಿಟಾರಿನ ಉಸಿರೂ ಹೋಯಿತು ಅಂತ ಹಳಬರಿಗೆ ಅನ್ನಿಸಿತು.

1958ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನ ಕಾರ್ಖಾನೆಯಿಂದ ಇಎಸ್-335 ಹೊರಬಂತು. ಆಗ ಗಿಬ್ಸನ್ ನಡೆಸುತ್ತಿದ್ದವರು ಟೆಡ್ ಮೆಕಾರ್ಟಿ. 16 ಇಂಚು ಅಗಲ, ದಪ್ಪ ಎರಡು ಇಂಚಿಗೂ ಕಡಿಮೆ, ನಡುವೆ ಮೇಪಲ್ ದಿಮ್ಮಿ. ಉಬ್ಬಿದ ಟಾಪು, ಚಪ್ಪಟೆ ದಿಮ್ಮಿ ಇವೆರಡರ ಸಂದಿನಲ್ಲಿ ಸೀಳು ಹಾಕಿ ಬಾಗಿಸಿದ ಸ್ಪ್ರೂಸ್ ಪಟ್ಟಿ. ಅಂದಿನಿಂದ ಇಂದಿನವರೆಗೆ ಸೆಮಿ ಹಾಲೋ ಮಾಡುವವರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಆ ಗಿಟಾರಿಗೇ ಉತ್ತರ ಕೊಡುತ್ತಿದ್ದಾರೆ.

ಹಾಗಾದರೆ ಕಿವಿಗೆ ಏನು ಸಿಗುತ್ತದೆ? ಗಟ್ಟಿ ಗಿಟಾರಿನಲ್ಲಿ ಮೀಟಿದ ಕೂಡಲೆ ಸ್ವರ ಚುರುಕಾಗಿ ಎದುರು ನಿಲ್ಲುತ್ತದೆ. ಸೆಮಿ ಹಾಲೋದಲ್ಲಿ ಮೀಟಿನ ಅಂಚು ಕೊಂಚ ಮೆತ್ತಗೆ. ತಂತಿಯ ಶಕ್ತಿಯಲ್ಲಿ ಒಂದಿಷ್ಟನ್ನು ರೆಕ್ಕೆಗಳು ತೆಗೆದುಕೊಳ್ಳುತ್ತವೆ, ಮಿಕ್ಕದ್ದನ್ನು ದಿಮ್ಮಿ ಕಾಪಾಡುತ್ತದೆ. ಅದರಿಂದ ಸ್ವರ ತುಸು ತಡೆದು ಅರಳಿ, ಆಮೇಲೆ ಉದ್ದಕ್ಕೆ ನಿಲ್ಲುತ್ತದೆ. ಹಗುರವಾಗಿ ಮುಟ್ಟಿದರೆ ಜಾಜ್, ಒತ್ತಿ ಮೀಟಿದರೆ ಬ್ಲೂಸ್, ಆಂಪ್ ಕಾದ ಮೇಲೆ ರಾಕ್. ನಾನು ಈ ಗಿಟಾರನ್ನು ಪ್ರೀತಿಸುವುದು ಇದೇ ಕಾರಣಕ್ಕೆ. ಬೆರಳಿನ ಭಾರ ಎಷ್ಟು ಅನ್ನುವುದನ್ನು ಅದು ಮುಚ್ಚಿಡುವುದಿಲ್ಲ.

ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ, ಕೇಳು. ಸ್ಟೀಲಿ ಡ್ಯಾನ್ ತಂಡದ 1976ರ ‘ಕಿಡ್ ಶಾರ್ಲಮೇನ್’ ಹಾಡಿನಲ್ಲಿ ಲ್ಯಾರಿ ಕಾರ್ಲ್‌ಟನ್ ನುಡಿಸಿದ ಸೋಲೊ ಕೇಳು. 335ನ್ನು ಬಿಡದೆ ಹಿಡಿದುಕೊಂಡಿದ್ದಕ್ಕೆ ಜನ ಆತನನ್ನು ‘ಮಿಸ್ಟರ್ 335’ ಅಂತಲೇ ಕರೆದರು. ಜಾನ್ ಸ್ಕೋಫೀಲ್ಡ್ ದಶಕಗಳಿಂದ ನುಡಿಸುತ್ತ ಬಂದಿರುವುದು ಜಪಾನಿನ ಇಬಾನೆಜ್ ಎಎಸ್-200. ಅದೇ ಜಾತಿಯ ಗಿಟಾರು, ಆದರೆ ದನಿ ಒರಟು, ತುಂಟತನದ್ದು. ಬಿ.ಬಿ. ಕಿಂಗ್ ಅವರನ್ನಂತೂ ಬಿಡಲೇಬೇಡ. ಒಂದೊಂದೇ ಸ್ವರ, ಎಡಗೈ ಬೆರಳಿನ ನಡುಕ, ನಡುವೆ ಮೌನ. ಫೀಡ್‌ಬ್ಯಾಕ್ ತಡೆಯಲು ಅವರು ಎಫ್ ತೂತುಗಳಿಗೆ ಬಟ್ಟೆ ತುರುಕುತ್ತಿದ್ದರು. 1980ರಲ್ಲಿ ಗಿಬ್ಸನ್ ಅವರ ಹೆಸರಿನ ‘ಲೂಸಿಲ್’ ಮಾದರಿ ತಂದಾಗ ತೂತನ್ನೇ ತೆಗೆದುಹಾಕಿತು. ಇಲ್ಲಿ ಒಂದು ವಿಷಯ ಗಮನಿಸು. ತನಗೆ ಎಂಥ ಗಿಟಾರ್ ಬೇಕು ಅಂತ ಬಿ.ಬಿ. ಕಿಂಗ್ ಕಂಡುಕೊಂಡದ್ದು ವೇದಿಕೆಯ ಮೇಲೆ, ವರ್ಷಾನುಗಟ್ಟಲೆ ನುಡಿಸಿ. ತೂತು ಬೇಕೋ ಬೇಡವೋ ಅನ್ನುವುದು ಅವರಿಗೆ ಅಂದಚಂದದ ಪ್ರಶ್ನೆಯಾಗಿರಲಿಲ್ಲ.

ನಿನ್ನ ಪ್ರಶ್ನೆಯೂ ಅಲ್ಲಿಂದಲೇ ಶುರುವಾಗಲಿ. ಡ್ರಮ್ಸ್ ಪಕ್ಕದಲ್ಲಿ ನಿಂತು ಜೋರಾಗಿ ನುಡಿಸುವವಳಾ? ಹಾಗಿದ್ದರೆ ದಿಮ್ಮಿ ಪೂರ್ತಿ ಇರಲಿ. ಚಿಕ್ಕ ಜಾಗದಲ್ಲಿ, ಹಾಡುವವರ ಹಿಂದೆ, ಕಡಿಮೆ ಸದ್ದಿನಲ್ಲಿ ನುಡಿಸುವುದೇ ಹೆಚ್ಚಾ? ಹಾಗಿದ್ದರೆ ದಿಮ್ಮಿಯನ್ನು ಅಲ್ಲಲ್ಲಿ ಕೊರೆದು ಹಗುರ ಮಾಡಿಸಬಹುದು, ಹೆಗಲಿಗೂ ಒಳ್ಳೆಯದು. ಯಾವುದನ್ನಾದರೂ ಆರಿಸು, ಆದರೆ ಬಾಯಿಬಿಟ್ಟು ಹೇಳಿ ಆರಿಸು. ಗಿಬ್ಸನ್‌ನ ಇಎಸ್-330 ಹೊರನೋಟಕ್ಕೆ 335ರ ತಂಗಿಯ ಹಾಗೇ ಇದೆ, ಒಳಗೆ ದಿಮ್ಮಿಯೇ ಇಲ್ಲ. ಬೀಟಲ್ಸ್‌ನವರು ನುಡಿಸಿದ ಎಪಿಫೋನ್ ಕಸೀನೊ ಕೂಡ ಅಷ್ಟೆ. ಕಸೀನೊ ಚಿತ್ರ ತೋರಿಸಿ ಕಾರ್ಲ್‌ಟನ್ ದನಿ ಬೇಕು ಅಂದರೆ ಮಾಡುವವರು ತಾನೇ ಏನು ಮಾಡಿಯಾರು?

ಇನ್ನು ಪ್ಲೈವುಡ್ ವಿಷಯ. ‘ಪದರ ಅಂಟಿಸಿದ ಮರ ಬೇಡ, ಅಖಂಡ ಮರವೇ ಬೇಕು’ ಅಂತ ಅಡಿಗೆರೆ ಎಳೆದಿದ್ದೀಯ. ಅಕೂಸ್ಟಿಕ್ ಗಿಟಾರಿನಲ್ಲಿ ಆ ಹಟ ಸರಿ, ಇಲ್ಲಿ ಅಲ್ಲ. ಮೂಲ 335ರ ಟಾಪು, ಬೆನ್ನು, ಪಕ್ಕ ಎಲ್ಲ ಪದರ ಪದರವಾಗಿ ಅಂಟಿಸಿ ಅಚ್ಚಿನಲ್ಲಿ ಒತ್ತಿದ್ದು. ಅಂಥ ಹಲಗೆ ಬಿರುಸು, ಕಡಿಮೆ ನಡುಗುತ್ತದೆ, ಅದಕ್ಕೇ ಫೀಡ್‌ಬ್ಯಾಕಿಗೆ ಬೇಗ ಸಿಕ್ಕುವುದಿಲ್ಲ. ನೀನು ಮೆಚ್ಚುವ ದನಿಯಲ್ಲಿ ಅರ್ಧ ಆ ಬಿರುಸಿನದು. ಟೆಕ್ಸಾಸಿನ ಆಸ್ಟಿನ್‌ನಲ್ಲಿರುವ ಕಾಲಿಂಗ್ಸ್ ಕಂಪನಿ ಐ-35 ಮಾದರಿಯನ್ನು ಕೆತ್ತಿದ ಅಖಂಡ ಟಾಪಿನಲ್ಲೂ ಮಾಡುತ್ತದೆ, ಪದರದ ಮರದಲ್ಲೂ ಮಾಡುತ್ತದೆ. ಎರಡೂ ಉತ್ತಮ ಗಿಟಾರ್‌ಗಳೇ, ದನಿ ಬೇರೆ. ಅಖಂಡ ಮರ ಹೆಚ್ಚು ದುಬಾರಿ, ಹಾಗಾಗಿ ಅದೇ ಹೆಚ್ಚು ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಪಿಕಪ್ ಹಂಬಕರೇ ಇರಲಿ. ಸೆತ್ ಲವರ್ ಎಂಬ ಎಂಜಿನಿಯರ್ 1955ರಲ್ಲಿ ಗಿಬ್ಸನ್‌ಗಾಗಿ ರೂಪಿಸಿದ್ದು ಅದು. ಎರಡು ಸುರುಳಿ, ಒಂದಕ್ಕೊಂದು ವಿರುದ್ಧ. ಹೊರಗಿನಿಂದ ಬರುವ ಗುಂಯ್ ಸದ್ದನ್ನು ಒಂದು ಹಿಡಿದರೆ ಇನ್ನೊಂದು ಅಳಿಸುತ್ತದೆ, ತಂತಿಯ ದನಿ ಮಾತ್ರ ಉಳಿಯುತ್ತದೆ. ನಮ್ಮ ಮನೆಗಳ ವೈರಿಂಗಿನಲ್ಲಿ ಅರ್ತಿಂಗ್ ಅಷ್ಟಕ್ಕಷ್ಟೆ, 50 ಹರ್ಟ್ಸ್ ಗುಂಯ್‌ಗುಡುವಿಕೆ ನಿನಗೆ ಗೊತ್ತೇ ಇದೆ. ಆದರೆ ಜೋರು ಪಿಕಪ್ ಕೇಳಬೇಡ. ಹಳೆಯ ಹಂಬಕರ್‌ಗಳು ಎಂಟು ಕಿಲೋ ಓಮ್ ಆಸುಪಾಸಿನವು, ಸೌಮ್ಯ. ಮೆಟಲ್ ಸಂಗೀತಕ್ಕೆಂದು ಸುತ್ತಿದ ಬಿಸಿ ಪಿಕಪ್ ಹಾಕಿದರೆ ರೆಕ್ಕೆಗಳ ಗಾಳಿಯೆಲ್ಲ ಅದರಡಿ ಹೂತುಹೋಗುತ್ತದೆ. ಟೊಳ್ಳು ಮಾಡಿಸಲು ಅಷ್ಟು ಖರ್ಚು ಮಾಡಿ ಅದು ಕೇಳಿಸದ ಹಾಗೆ ಮಾಡಿಕೊಳ್ಳುವುದು ಯಾವ ನ್ಯಾಯ?

ಈಗ ನೆಕ್ಕು. ನನ್ನನ್ನು ಕೇಳಿದರೆ ಹೇಳಿ ಮಾಡಿಸುವುದರ ನಿಜವಾದ ಲಾಭ ಇರುವುದು ಇಲ್ಲೇ. ಕಂಪನಿಯವರು ನೆಕ್ ಮಾಡುವುದು ಎಲ್ಲರ ಕೈಗೂ ಆಗುವಂತೆ. ನಿನ್ನದು ಚಿಕ್ಕ ಕೈ, ಹೆಬ್ಬೆರಳು ಮೇಲೆ ತಂದು ಆರನೆಯ ತಂತಿ ಒತ್ತುವ ರೂಢಿ. ನಿನಗೆ ತೀರಾ ದಪ್ಪವೂ ಬೇಡ, ಹಲಗೆಯ ಹಾಗೆ ತೆಳುವೂ ಬೇಡ. ತೆಳು ನೆಕ್ ಅಂಗಡಿಯಲ್ಲಿ ಐದು ನಿಮಿಷ ಹಿತ, ಎರಡು ಗಂಟೆ ನುಡಿಸಿದ ಮೇಲೆ ಹೆಬ್ಬೆರಳ ಬುಡ ನೋಯುತ್ತದೆ. ಈಗ ನಿನ್ನ ಹತ್ತಿರ ಇರುವ ಗಿಟಾರಿನ ನೆಕ್ಕನ್ನು ಮೊದಲ ಫ್ರೆಟ್ಟಿನಲ್ಲೂ ಹನ್ನೆರಡನೆಯ ಫ್ರೆಟ್ಟಿನಲ್ಲೂ ಕ್ಯಾಲಿಪರ್ ಹಿಡಿದು ಅಳೆ. ಸ್ನೇಹಿತರ ಗಿಟಾರ್‌ಗಳನ್ನೂ ಅಳೆ. ಯಾವುದನ್ನು ಹಿಡಿದಾಗ ಕೈ ಮರೆತುಹೋಗುತ್ತದೋ ಆ ಅಂಕಿ ಬರೆದುಕೋ. ನಟ್ ಹತ್ತಿರದ ಅಗಲವೂ ಮುಖ್ಯ. 335ರಲ್ಲಿ ಮೊದಲು ಅದು ಸುಮಾರು 43 ಮಿಲಿಮೀಟರ್ ಇತ್ತು, 1965ರ ಹೊತ್ತಿಗೆ ಗಿಬ್ಸನ್ 40ರ ಹತ್ತಿರಕ್ಕೆ ಇಳಿಸಿತು, ಬೆರಳುಗಳಿಗೆ ಇಕ್ಕಟ್ಟಾಯಿತು ಅಂತ ಬಹಳ ಜನ ಗೊಣಗಿದರು. ತಂತಿಯ ನುಡಿಯುವ ಉದ್ದ 24.75 ಇಂಚು ಇರಲಿ. ಫೆಂಡರಿನ 25.5 ಇಂಚಿಗಿಂತ ತಂತಿ ಸಡಿಲ, ನಿನ್ನ ಬೆಂಡ್‌ಗಳಿಗೆ ಅನುಕೂಲ.

ಸಕಲೇಶಪುರದ ಮನೆಯ ಹಳೇ ಬೀಟೆ ಹಲಗೆಯಿಂದ ಫಿಂಗರ್‌ಬೋರ್ಡ್ ಮಾಡಿಸಬಹುದಾ ಅಂತ ನೀನು ಕೇಳಿದ್ದೆ. ಅದು ನನಗೆ ತುಂಬ ಹಿಡಿಸಿತು. ಪಶ್ಚಿಮಘಟ್ಟದ ಬೀಟೆಗೆ ಗಿಟಾರ್ ಲೋಕದಲ್ಲಿ ದೊಡ್ಡ ಹೆಸರು. ಬ್ರೆಜಿಲ್ಲಿನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಮಾರ್ಟಿನ್‌ನಂಥ ಕಂಪನಿಯೇ 1969ರಲ್ಲಿ ಭಾರತದ ಬೀಟೆಗೆ ಬಂತು. ಅಟ್ಟದಲ್ಲಿ ದಶಕಗಟ್ಟಲೆ ಒಣಗಿದ ಮರ ಡೊಂಕಾಗುವ ಭಯವೂ ಕಡಿಮೆ. ನೋಡಬೇಕಾದ್ದು ಎಳೆ ನೇರವಾಗಿದೆಯೇ, ಮೊಳೆಯ ತೂತು, ಹುಳುಕು ಇಲ್ಲದ ಅರ್ಧ ಮೀಟರ್ ಉದ್ದದ ತುಂಡು ಸಿಗುತ್ತದೆಯೇ ಅನ್ನುವುದು. ಆದರೆ ಇದು ಇಲ್ಲೇ ಭಾರತದಲ್ಲಿ ಮಾಡಿಸಿದರೆ ಮಾತ್ರ. ಬೀಟೆಯೂ ಅದರ ಜಾತಿಯ ಬಹುತೇಕ ಮರಗಳೂ 2017ರಿಂದ ಸೈಟಿಸ್, ಅಂದರೆ ಅಪಾಯದಲ್ಲಿರುವ ಗಿಡಮರ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿದೆ, ಬರೀ ಹಲಗೆಗೆ ಸಿಕ್ಕಿಲ್ಲ. ಪಾರ್ಸೆಲ್ ಮಾಡಿ ಹೊರದೇಶದ ಗಿಟಾರ್ ತಯಾರಕರಿಗೆ ಕಳಿಸುವ ಯೋಚನೆ ಬಿಟ್ಟುಬಿಡು. ಹೊಸದಾಗಿ ಮರ ಕಡಿಸುವ ಮಾತಂತೂ ಬೇಡವೇ ಬೇಡ. ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ, ಅದಕ್ಕಿಂತ ಮಿಗಿಲಾಗಿ ಬೀಟೆ ಬೆಳೆಯುವುದಕ್ಕೆ ತಲೆಮಾರುಗಳು ಹಿಡಿಯುತ್ತವೆ.

ಕಲಮಜೂ ಕಾರ್ಖಾನೆಯನ್ನು ಗಿಬ್ಸನ್ 1984ರಲ್ಲಿ ಮುಚ್ಚಿತು. ಊರು ಬಿಟ್ಟು ಹೋಗಲು ಒಪ್ಪದ ಕೆಲವು ಕೆಲಸಗಾರರು ಮರುವರ್ಷ ಅದೇ ಹಳೆಯ ಕಟ್ಟಡದಲ್ಲಿ ಹೆರಿಟೇಜ್ ಎಂಬ ಕಂಪನಿ ಕಟ್ಟಿ, ಅವೇ ಕೈಗಳಿಂದ ಎಚ್-535 ಎಂಬ ಸೆಮಿ ಹಾಲೋ ಮಾಡಿದರು. ಹೆಡ್‌ಸ್ಟಾಕಿನ ಮೇಲಿನ ಹೆಸರು ಬೇರೆ, ಮಾಡಿದ ಕೈ ಅದೇ. ಇದನ್ನು ಹೇಳುವುದು ಯಾಕೆಂದರೆ ನೀನು ಯಾರ ಕೈಯಲ್ಲಿ ಮಾಡಿಸುತ್ತೀಯೋ ಅವರು ಹಿಂದೆ ಮಾಡಿದ ಸೆಮಿ ಹಾಲೋ ಒಂದನ್ನಾದರೂ ನಿನ್ನ ಮಡಿಲಲ್ಲಿಟ್ಟುಕೊಂಡು ನುಡಿಸಿ ನೋಡದೆ ಮುಂಗಡ ಕೊಡಬೇಡ. ಚಿತ್ರ, ವಿಡಿಯೊ ಸಾಲದು. ಮೊದಲು ಆಂಪ್ ಇಲ್ಲದೆ ನುಡಿಸು. ಸತ್ತ ಸ್ವರಗಳು ಇವೆಯೇ ಅಂತ ಫ್ರೆಟ್ಟಿನಿಂದ ಫ್ರೆಟ್ಟಿಗೆ ಕೇಳು. ಆಮೇಲೆ ಆಂಪಿಗೆ ಹಾಕಿ, ನೀನು ವೇದಿಕೆಯಲ್ಲಿ ನುಡಿಸುವಷ್ಟೇ ಜೋರಾಗಿ ನುಡಿಸಿ, ಸ್ಪೀಕರಿನ ಮುಂದೆ ಕೈ ನಿಲ್ಲಿಸಿ ನಿಂತುಕೋ. ಊಳು ಎಷ್ಟು ಬೇಗ ಬರುತ್ತದೆ, ಯಾವ ಸ್ವರದಲ್ಲಿ ಬರುತ್ತದೆ ಅಂತ ನೋಡು.

ಮಾಡುವವರನ್ನು ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ. ಒಳಗಿನ ವೈರಿಂಗ್ ಕೆಟ್ಟರೆ ರಿಪೇರಿ ಹೇಗೆ? ಹಳೆಯ ಮಾದರಿಯಲ್ಲಿ ಎಲ್ಲವನ್ನೂ ಎಫ್ ತೂತಿನಿಂದಲೇ ದಾರ ಕಟ್ಟಿ ಎಳೆದು ಹೊರಗೆ ತರಬೇಕು. ತಾಳ್ಮೆಯಿರುವ ಮೆಕ್ಯಾನಿಕ್ ಸಿಗುವುದು ಕಷ್ಟ, ಸಿಕ್ಕರೂ ಕೂಲಿ ಜಾಸ್ತಿ. ಪಿಕಪ್ಪಿನ ಕೆಳಗೆ ದಿಮ್ಮಿಯಲ್ಲಿ ಕೈ ಹೋಗುವ ದಾರಿ ಬಿಡಲು ಸಾಧ್ಯವಾ ಕೇಳು. ಒಳ್ಳೆಯ ಕಂಟ್ರೋಲುಗಳನ್ನೇ ಹಾಕಲು ಹೇಳು. ಚಿನ್ನದ ಲೇಪದ ಕೀಲಿ ಬಿಟ್ಟರೆ ಉಳಿಯುವ ದುಡ್ಡಿನಲ್ಲಿ ಇದು ಆಗಿಹೋಗುತ್ತದೆ.

ಗಿಟಾರ್ ಮನೆಗೆ ಬಂದ ಮೇಲೆ ಮೊದಲ ವರ್ಷ ಹುಷಾರು. ಫೆಬ್ರವರಿ, ಮಾರ್ಚಿನ ಬೆಂಗಳೂರು ಒಣ ಹವೆ, ನಿಮ್ಮೂರಿನಲ್ಲಿ ಜುಲೈ ಅಂದರೆ ಗೋಡೆಯೇ ಬೆವರುತ್ತದೆ. ಹಬ್ಬಕ್ಕೆ ಊರಿಗೆ ಹೋಗುವಾಗ ಗಿಟಾರನ್ನೂ ಒಯ್ಯುತ್ತೀಯ ಅಂತ ನನಗೆ ಗೊತ್ತು. ಗಟ್ಟಿ ಕೇಸಿನಲ್ಲೇ ಇಡು, ಒಳಗೊಂದು ತೇವಾಂಶದ ಮೀಟರ್ ಹಾಕು, 45ರಿಂದ 55 ಶೇಕಡಾ ನಡುವೆ ಇದ್ದರೆ ನೆಮ್ಮದಿ. ಋತು ತಿರುಗಿದಾಗ ನೆಕ್ ಸ್ವಲ್ಪ ಬಾಗಿದರೆ ಗಾಬರಿಯಾಗಬೇಡ, ನೆಕ್ಕಿನೊಳಗಿನ ಟ್ರಸ್ ರಾಡ್ ಕಾಲು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ.

ಹುಲಿಪಟ್ಟೆ ಬೇಡ ಅಂತ ನಾನು ಹೇಳುತ್ತಿಲ್ಲಮ್ಮ, ನೋಡಲು ಖುಷಿ ಕೊಡುವ ವಾದ್ಯವನ್ನು ಕೈ ಹೆಚ್ಚು ಸಲ ಎತ್ತಿಕೊಳ್ಳುತ್ತದೆ. ಅದು ಪಟ್ಟಿಯ ಕೊನೆಗೆ ಬರಲಿ, ಅಷ್ಟೆ. ಹೊಸ ಪಟ್ಟಿ ಬರೆದ ಮೇಲೆ ನನಗೊಂದು ಪ್ರತಿ ಕಳಿಸು, ನೆಕ್ಕಿನ ಅಳತೆಗಳನ್ನು ನಾನೂ ಒಮ್ಮೆ ನೋಡುತ್ತೇನೆ. ಭಾನುವಾರ ಬರುವಾಗ ಅಟ್ಟದ ಬೀಟೆ ಹಲಗೆಯನ್ನು ತಾ, ಎಳೆ ಹೇಗಿದೆ ಅಂತ ಬೆಳಕಿಗೆ ಹಿಡಿದು ನೋಡೋಣ.