ಕಾಫಿ ಬೀಜ: ಓದಿ ಆರಿಸೋಣ

ಪಾಠ ಓದಿ

ವಯನಾಡಿನಲ್ಲಿ ಒಂದು ಕನ್ನಡ ಮನೆ. ಮನೆ ಹಿಂದೆ ನೂರು ಕಾಫಿ ಗಿಡ ಇವೆ. ಅತ್ತೆ ಮೂವತ್ತು ವರ್ಷದಿಂದ ಕಾಫಿ ಹಣ್ಣು ಕೊಯ್ಯುತ್ತಿದ್ದಾರೆ. ಈಗ ಸಂಜೆ ಕಲಿಕಾ ಕೇಂದ್ರಕ್ಕೂ ಹೋಗುತ್ತಾರೆ. ಒಂದು ದಿನ ಸೊಸೆ ಅಂಗಡಿಯಿಂದ ಕಾಫಿ ಪುಡಿ ತಂದಳು. ಅತ್ತೆ ಪ್ಯಾಕೆಟ್ ತಿರುಗಿಸಿ ನೋಡಿದರು.

ಅತ್ತೆ: ಇದರ ಮೇಲೆ 53 ಅಂತ ಐತೆ. ಪಕ್ಕದಲ್ಲಿ 47 ಅಂತ ಐತೆ. ಏನವ್ವ ಇದು?

ಸೊಸೆ: ನಾನು ಇಷ್ಟು ದಿನ ನೋಡೇ ಇರಲಿಲ್ಲ ಅತ್ತೆ. ಕಾಫಿ 53 ಪಾಲು, ಚಿಕೋರಿ 47 ಪಾಲು ಅಂತ ಬರೆದವ್ರೆ.

ಅತ್ತೆ: ಹಂಗಾದ್ರೆ ಹತ್ತತ್ರ ಅರ್ಧ ಕಾಫಿನೇ ಅಲ್ಲ ಅನ್ನು.

ಸೊಸೆ: ಹೌದತ್ತೆ. ನಮ್ಮ ಗಿಡದ ಕಾಫಿ ಮಾರ್ತೀವಿ. ದುಡ್ಡು ಕೊಟ್ಟು ಚಿಕೋರಿ ತರ್ತೀವಿ.

ಅತ್ತೆ: ಕುಡಿಯೋಕೆ ಚೆಂದಾಗೇ ಐತೆ. ಆದ್ರೆ ಏನು ಕುಡೀತಾ ಇದ್ದೀವಿ ಅಂತ ಗೊತ್ತಿರಬೇಕಲ್ವಾ?

ಸೊಸೆ: ಮುಂದಿನ ಸಲ ಬೀಜ ತರೋಣ ಅತ್ತೆ. ಯಾವ ಊರಿನದು, ಯಾವತ್ತು ಹುರಿದದ್ದು, ಎಲ್ಲ ಓದಿ ತರೋಣ.

ಬನ್ನಿ, ನಾವೂ ಕಾಫಿ ಪ್ಯಾಕೆಟ್ ಓದುವುದನ್ನು ಕಲಿಯೋಣ.

1. ಚಿಕೋರಿ ಅಂದರೆ ಏನು?

ಚಿಕೋರಿ ಒಂದು ಗಿಡದ ಬೇರು. ನೋಡಲು ಮೂಲಂಗಿಯ ಹಾಗೆ ಇರುತ್ತದೆ. ಗುಜರಾತ್ ಮತ್ತು ಉತ್ತರ ಪ್ರದೇಶದಲ್ಲಿ ಬೆಳೆಯುತ್ತಾರೆ. ಬೇರನ್ನು ಒಣಗಿಸಿ, ಹುರಿದು, ಪುಡಿ ಮಾಡುತ್ತಾರೆ. ಇದು ವಿಷವಲ್ಲ. ಇದನ್ನು ಬೆರೆಸಿದರೆ ಡಿಕಾಕ್ಷನ್ ಕಪ್ಪಾಗಿ, ಮಂದವಾಗಿ ಇಳಿಯುತ್ತದೆ. ಆದರೆ ಇದು ಕಾಫಿ ಅಲ್ಲ.

ಚಿಕೋರಿ ಬೆರೆಸಿ ಮಾರಲು ಕಾನೂನಿನಲ್ಲಿ ಅವಕಾಶ ಇದೆ. ಆದರೆ ನೂರು ಪಾಲಿನಲ್ಲಿ ಕಾಫಿ 51 ಪಾಲಿಗಿಂತ ಕಡಿಮೆ ಇರಬಾರದು. ಎರಡರ ಪಾಲನ್ನೂ ಪ್ಯಾಕೆಟ್ ಮೇಲೆ ಬರೆಯಲೇಬೇಕು. % ಈ ಗುರುತು ನೋಡಿ. ಇದರ ಅರ್ಥ ಶೇಕಡಾ, ಅಂದರೆ ನೂರಕ್ಕೆ ಇಷ್ಟು.

ನಮ್ಮ ಕಡೆ ಪ್ಯಾಕೆಟ್ ಮೇಲೆ ಕನ್ನಡ ಇಲ್ಲದೆ ಇರಬಹುದು. ಮಲಯಾಳ ಅಥವಾ ಇಂಗ್ಲಿಷ್ ಇರಬಹುದು. ಹೆದರಬೇಡಿ. ಅಂಕಿಗಳನ್ನು ನೀವು ಓದಬಲ್ಲಿರಿ. ಕಾಫಿ, ಚಿಕೋರಿ ಎಂಬ ಎರಡು ಪದ ಆ ಲಿಪಿಯಲ್ಲಿ ಹೇಗಿರುತ್ತವೆ ಎಂದು ಕೇಂದ್ರದಲ್ಲಿ ಕೇಳಿ ಬರೆದುಕೊಳ್ಳಿ.

2. ಒಂದೇ ಊರಿನ ಕಾಫಿ

ನಂಜನಗೂಡು ರಸಬಾಳೆಯ ರುಚಿ ಬೇರೆ. ನೇಂದ್ರ ಬಾಳೆಯ ರುಚಿ ಬೇರೆ. ಎರಡನ್ನೂ ಕಲಸಿ ತಿಂದರೆ ಯಾವ ರುಚಿಯೂ ಸರಿಯಾಗಿ ತಿಳಿಯುವುದಿಲ್ಲ. ಕಾಫಿಯೂ ಹಾಗೆಯೇ. ಹಲವು ಕಡೆಯ ಬೀಜ ಬೆರೆಸಿ ಮಾರುವುದು ರೂಢಿ. ಬೆರೆಸದೆ ಒಂದೇ ಸೀಮೆಯ ಅಥವಾ ಒಂದೇ ತೋಟದ ಬೀಜವನ್ನು ಮಾರಿದರೆ ಅದಕ್ಕೆ ಸಿಂಗಲ್ ಒರಿಜಿನ್ ಕಾಫಿ ಎನ್ನುತ್ತಾರೆ. ಮಣ್ಣು, ಮಳೆ, ಎತ್ತರ, ನೆರಳು, ಇವೆಲ್ಲದರ ಗುಣ ಅದರ ರುಚಿಯಲ್ಲಿ ಇರುತ್ತದೆ.

2019ರಲ್ಲಿ ನಮ್ಮ ದೇಶದ 5 ಕಾಫಿಗಳಿಗೆ ಊರಿನ ಹೆಸರಿನ ಮಾನ್ಯತೆ ಸಿಕ್ಕಿತು. ಇದಕ್ಕೆ ಭೌಗೋಳಿಕ ಸೂಚಿಕೆ ಎಂದು ಹೆಸರು. ಆ ಐದು ಕಾಫಿಗಳು ಇವು:

ಕೊಡಗು ಅರೇಬಿಕಾ
ಚಿಕ್ಕಮಗಳೂರು ಅರೇಬಿಕಾ
ಬಾಬಾಬುಡನ್‌ಗಿರಿ ಅರೇಬಿಕಾ
ಅರಕು ಕಣಿವೆ ಅರೇಬಿಕಾ (ಆಂಧ್ರ ಪ್ರದೇಶ)
ವಯನಾಡು ರೋಬಸ್ಟಾ

ಕೊನೆಯದು ನಮ್ಮ ಜಿಲ್ಲೆಯದು!

3. ಅರೇಬಿಕಾ, ರೋಬಸ್ಟಾ

ಅರೇಬಿಕಾ ಎತ್ತರದ, ತಂಪಾದ ಜಾಗದ ಗಿಡ. ಅದರ ಬೀಜ ಸ್ವಲ್ಪ ಉದ್ದ. ನಡುವಿನ ಗೆರೆ ಡೊಂಕು. ಕಾಫಿಗೆ ಘಮ ಹೆಚ್ಚು, ಸಣ್ಣ ಹುಳಿ ಇರುತ್ತದೆ.

ರೋಬಸ್ಟಾ ಅದಕ್ಕಿಂತ ತಗ್ಗಿನ ಜಾಗದಲ್ಲಿ ಚೆನ್ನಾಗಿ ಬರುತ್ತದೆ. ಬೀಜ ದುಂಡಗೆ. ನಡುವಿನ ಗೆರೆ ನೆಟ್ಟಗೆ. ಕಾಫಿ ಮಂದ, ಕಹಿ ಜಾಸ್ತಿ. ನಿದ್ದೆ ಓಡಿಸುವ ಕೆಫೀನ್ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಇರುತ್ತದೆ.

ಹಾಲು ಹಾಕಿ ಕುಡಿಯುವವರಿಗೆ ರೋಬಸ್ಟಾ ಹಿಡಿಸಬಹುದು. ಕಟ್ಟನ್ ಕಾಪ್ಪಿ, ಅಂದರೆ ಹಾಲು ಹಾಕದ ಕಾಫಿ ಕುಡಿಯುವವರು ಅರೇಬಿಕಾ ನೋಡಬಹುದು. ಯಾವುದು ಮೇಲು, ಯಾವುದು ಕೀಳು ಎಂದಿಲ್ಲ. ನಿಮ್ಮ ನಾಲಿಗೆ ಹೇಳಬೇಕು.

4. ನೂರಕ್ಕೆ ಎಂಬತ್ತು

ಕೆಲವು ಪ್ಯಾಕೆಟ್ ಮೇಲೆ ಸ್ಪೆಷಾಲಿಟಿ ಎಂದು ಬರೆದಿರುತ್ತದೆ. ಕಾಫಿಯ ರುಚಿ ನೋಡಿ ಅಂಕ ಕೊಡಲು ತರಬೇತಿ ಪಡೆದವರು ಇದ್ದಾರೆ. ಅವರು ನೂರಕ್ಕೆ ಅಂಕ ಕೊಡುತ್ತಾರೆ. 80 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದನ್ನು ಸ್ಪೆಷಾಲಿಟಿ ಕಾಫಿ ಎನ್ನುವುದು ವಾಡಿಕೆ.

ಆ ಅಂಕ ಬರಲು ಮೊದಲ ಕೆಲಸ ತೋಟದಲ್ಲೇ ಆಗಬೇಕು. ಕೆಂಪಗೆ ಹಣ್ಣಾದದ್ದನ್ನು ಮಾತ್ರ ಕೊಯ್ಯಬೇಕು. ಹಸಿರು ಕಾಯಿ ಸೇರಿದರೆ ರುಚಿ ಒಗರು. ಒಣಗಿಸುವಾಗ ಮಳೆಗೆ ನೆನೆದರೆ ಬೂಸಲು ವಾಸನೆ. ಕೊಯ್ಯುವ ಕೈ ಸರಿ ಇಲ್ಲದಿದ್ದರೆ ಹುರಿಯುವವನು ಏನು ಮಾಡಿದರೂ ರುಚಿ ಬರುವುದಿಲ್ಲ.

ಒಣಗಿಸುವುದರಲ್ಲೂ ಎರಡು ಬಗೆ ಇದೆ. ಹಣ್ಣನ್ನು ಹಾಗೇ ಬಿಸಿಲಿಗೆ ಹಾಕಿ ಒಣಗಿಸಿದರೆ ಚೆರಿ. ಸಿಪ್ಪೆ ಬಿಡಿಸಿ, ಲೋಳೆ ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ತೊಳೆದ ಕಾಫಿಯ ರುಚಿ ಸಾಮಾನ್ಯವಾಗಿ ತಿಳಿಯಾಗಿರುತ್ತದೆ.

5. ಹುರಿದ ದಿನ ನೋಡಿ

ಹುರಿದ ಕಾಫಿಯ ಘಮ ದಿನ ಕಳೆದಂತೆ ಹೋಗುತ್ತದೆ. ಪುಡಿ ಮಾಡಿದರೆ ಇನ್ನೂ ಬೇಗ ಹೋಗುತ್ತದೆ. ಆದ್ದರಿಂದ ಬೀಜ ಕೊಂಡು, ಬೇಕಾದಾಗ ಬೇಕಾದಷ್ಟೇ ಪುಡಿ ಮಾಡುವುದು ಒಳ್ಳೆಯದು. ಹುರಿದು ಒಂದು ತಿಂಗಳು ದಾಟದ ಬೀಜ ಆರಿಸಿ. ಕೆಲವು ಪ್ಯಾಕೆಟ್ ಮೇಲೆ ಪ್ಯಾಕ್ ಮಾಡಿದ ದಿನ ಮಾತ್ರ ಇರುತ್ತದೆ. ಆಗ ಹುರಿದದ್ದು ಯಾವತ್ತು ಎಂದು ಬಾಯಿಬಿಟ್ಟು ಕೇಳಿ.

ತುಂಬ ಕಪ್ಪಗೆ ಹುರಿದರೆ ಎಲ್ಲ ಊರಿನ ಕಾಫಿಯೂ ಒಂದೇ ಥರ ಕಹಿ ಆಗುತ್ತದೆ. ಊರಿನ ರುಚಿ ಬೇಕಾದರೆ ಹದವಾಗಿ ಹುರಿದ ಕಂದು ಬೀಜ ಕೇಳಿ. ಮೊದಲು 100 ಗ್ರಾಂ ಮಾತ್ರ ತನ್ನಿ. ಹಿಡಿಸಿದರೆ ಹೆಚ್ಚು ತನ್ನಿ. ಗಾಳಿಯಾಡದ ಡಬ್ಬಿಯಲ್ಲಿಡಿ. ಮಸಾಲೆ ಡಬ್ಬಿಯ ಪಕ್ಕ ಇಡಬೇಡಿ.

6. ಮನೆಯಲ್ಲಿ ಮಾಡುವ ಬಗೆ

ಬೀಜವನ್ನು ಸಣ್ಣ ರವೆಯ ಹಾಗೆ ಪುಡಿ ಮಾಡಿ. ಫಿಲ್ಟರಿನ ಮೇಲಿನ ಪಾತ್ರೆಗೆ 20 ಗ್ರಾಂ ಪುಡಿ ಹಾಕಿ ಮೆಲ್ಲಗೆ ಒತ್ತಿ. ನೀರು ಕುದಿಸಿ ಇಳಿಸಿ. ಅರ್ಧ ನಿಮಿಷ ಬಿಟ್ಟು 150 ಮಿಲಿಲೀಟರ್ ಹಾಕಿ ಮುಚ್ಚಿಡಿ.

ಚಿಕೋರಿ ಇಲ್ಲದ ಡಿಕಾಕ್ಷನ್ ಬೇಗ ಇಳಿಯುತ್ತದೆ. ಬಣ್ಣವೂ ತಿಳಿಯಾಗಿ ಕಾಣುತ್ತದೆ. ಕಾಫಿ ಕೆಟ್ಟಿದೆ ಅಂದುಕೊಳ್ಳಬೇಡಿ. ಮೊದಲು ಸಕ್ಕರೆ, ಹಾಲು ಹಾಕದೆ ಒಂದು ಗುಟುಕು ಕುಡಿದು ನೋಡಿ.

ನಿಮ್ಮ ಮನೆ ಹಿಂದೆ ಗಿಡ ಇದ್ದರೆ ಅದೂ ಒಂದೇ ತೋಟದ ಕಾಫಿಯೇ! ಮಾರುವ ಮುಂಚೆ ಎರಡು ಕಿಲೋ ಮನೆಗೆ ಇಟ್ಟುಕೊಳ್ಳಿ. ಸಿಪ್ಪೆ ತೆಗೆಸಿ, ಕರಿ ಬೀಜ, ಒಡಕು ಬೀಜ ಆರಿಸಿ ಎಸೆಯಿರಿ. ಕಬ್ಬಿಣದ ಬಾಣಲೆಯಲ್ಲಿ ಕೈ ಬಿಡದೆ ಕೆದಕುತ್ತಾ ಹುರಿಯಿರಿ. ಚಟಪಟ ಸದ್ದು ಬಂದು ಬೀಜ ಕಂದು ಬಣ್ಣಕ್ಕೆ ತಿರುಗಿದಾಗ ಇಳಿಸಿ, ಮೊರದಲ್ಲಿ ಹರಡಿ ಆರಿಸಿ.

ಮಾಡಿ ನೋಡಿ

ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಳ್ಳಿ. ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ. ಅಲ್ಲಾಡಿಸಬೇಡಿ. ಕಾಫಿ ಪುಡಿ ತೇಲುತ್ತದೆ. ಚಿಕೋರಿ ಬೇಗ ಮುಳುಗುತ್ತದೆ. ಮುಳುಗುವಾಗ ಕಂದು ಬಣ್ಣದ ಎಳೆ ಬಿಡುತ್ತದೆ. ಪ್ಯಾಕೆಟ್ ಮೇಲೆ ಬರೀ ಕಾಫಿ ಎಂದಿದ್ದು, ಲೋಟದಲ್ಲಿ ಎಳೆ ಕಂಡರೆ ಅಂಗಡಿಯವರನ್ನು ಕೇಳಿ.

ಲೆಕ್ಕ ಮಾಡಿ

ಒಂದು ಪ್ಯಾಕೆಟ್ 200 ಗ್ರಾಂ ಇದೆ. ಕಾಫಿ 53%, ಚಿಕೋರಿ 47%.
100 ಗ್ರಾಂನಲ್ಲಿ ಕಾಫಿ 53 ಗ್ರಾಂ.
200 ಗ್ರಾಂನಲ್ಲಿ ಕಾಫಿ 53 + 53 = 106 ಗ್ರಾಂ.
ಉಳಿದದ್ದು ಚಿಕೋರಿ: 200 - 106 = 94 ಗ್ರಾಂ.

ಈಗ ನೀವು ಮಾಡಿ: ಪ್ಯಾಕೆಟ್ 500 ಗ್ರಾಂ. ಕಾಫಿ 80%, ಚಿಕೋರಿ 20%. ಕಾಫಿ ಎಷ್ಟು ಗ್ರಾಂ? ಚಿಕೋರಿ ಎಷ್ಟು ಗ್ರಾಂ?

ಹೊಸ ಪದಗಳು

ಶೇಕಡಾ: ನೂರಕ್ಕೆ ಇಷ್ಟು
ವಾಡಿಕೆ: ರೂಢಿ
ಮಾನ್ಯತೆ: ಒಪ್ಪಿಗೆ, ಮನ್ನಣೆ
ಒಗರು: ಎಳೆ ಅಡಿಕೆ ಅಗಿದಾಗ ಬರುವ ರುಚಿ

ಅಭ್ಯಾಸ

ಅ. ಬಿಟ್ಟ ಜಾಗ ತುಂಬಿ.
1. ಚಿಕೋರಿ ಒಂದು ಗಿಡದ ______.
2. ವಯನಾಡು ______ ಕಾಫಿಗೆ 2019ರಲ್ಲಿ ಮಾನ್ಯತೆ ಸಿಕ್ಕಿತು.
3. ಅರೇಬಿಕಾ ಬೀಜದ ನಡುವಿನ ಗೆರೆ ______.

ಆ. ಒಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ಹಸಿರು ಕಾಯಿ ಸೇರಿದರೆ ಕಾಫಿಯ ರುಚಿ ಏನಾಗುತ್ತದೆ?
2. ಪುಡಿಗಿಂತ ಬೀಜ ಕೊಳ್ಳುವುದು ಏಕೆ ಒಳ್ಳೆಯದು?

ಇ. ನಿಮ್ಮ ಮನೆಯ ಕಾಫಿ ಪ್ಯಾಕೆಟ್ ಕೇಂದ್ರಕ್ಕೆ ತನ್ನಿ. ಕಾಫಿಯ ಪಾಲು, ಊರು, ದಿನಾಂಕ, ಬೆಲೆ ಓದಿ ಪುಸ್ತಕದಲ್ಲಿ ಬರೆಯಿರಿ. ಪಕ್ಕದವರ ಪ್ಯಾಕೆಟ್ ಜೊತೆ ಹೋಲಿಸಿ ಮಾತಾಡಿ.