ಕಳೆನಾಶಕ ಗ್ಲೈಫೋಸೇಟ್: ಉತ್ಪತ್ತಿ, ಗುಣ ಮತ್ತು ಬಳಕೆಯ ನಿಯಮ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಎರೆಹೊಲಗಳಲ್ಲಿ ಕರಿಕೆ ಮತ್ತು ಜೇಕುಗಳ ಉಪದ್ರವವು ಜಮೀನುದಾರರೆಲ್ಲರಿಗೂ ತಿಳಿದದ್ದೇ. ಕುಂಟೆ ಹೊಡೆದರೆ ಮೇಲಿನ ಹುಲ್ಲು ಕತ್ತರಿಸುವುದಲ್ಲದೆ ನೆಲದೊಳಗಿನ ಬೇರುಗಡ್ಡೆಗಳು ಉಳಿದು ಮರಳಿ ಚಿಗುರುವವು. ಇವುಗಳ ನಾಶಕ್ಕೆಂದು ಮಾರಾಟವಾಗುವ ಗ್ಲೈಫೋಸೇಟ್ ಎಂಬುದು ಒಂದು ಅಸಾಮಾನ್ಯ ಅಮಿನೋ ಆಮ್ಲವು. ಅದರ ಹುಟ್ಟು ಮತ್ತು ಗುಣಗಳನ್ನರಿತವರಿಗೆ ಹಣವೂ ಬೆಳೆಯೂ ಉಳಿಯುವವು.

ಉತ್ಪತ್ತಿ.— ಬೇಳೆ, ಹಾಲು ಮೊದಲಾದವುಗಳಲ್ಲಿರುವ ಸಸಾರಜನಕವು ಅಮಿನೋ ಆಮ್ಲಗಳಿಂದಾದದ್ದು. ಅವುಗಳಲ್ಲಿ ಸಾಮಾನ್ಯವಾದವು 20. ಎಲ್ಲಕ್ಕೂ ಸರಳವಾದದ್ದು ಗ್ಲೈಸಿನ್. ಇದಕ್ಕೆ ರಂಜಕವುಳ್ಳ ಒಂದು ಕೊಂಡಿಯು ಸೇರಿದರೆ ಗ್ಲೈಫೋಸೇಟ್ ಆಗುವುದು. ಇದರ ಕಳೆನಾಶಕ ಶಕ್ತಿಯನ್ನು 1970ರಲ್ಲಿ ಅಮೆರಿಕದ ಮೊನ್ಸಾಂಟೊ ಕಂಪನಿಯ ಜಾನ್ ಫ್ರಾನ್ಸ್ ಎಂಬವರು ಕಂಡುಹಿಡಿದರು. 1974ರಲ್ಲಿ ಅದು ಮಾರುಕಟ್ಟೆಗೆ ಬಂದಿತು.

ಇದಕ್ಕೆ ಬೇಕಾದ ಮೂಲದ್ರವ್ಯವನ್ನು ತಯಾರಿಸುವ ಹಳೆಯ ಕ್ರಮದಲ್ಲಿ ಅಮೋನಿಯ, ಫಾರ್ಮಾಲ್ಡಿಹೈಡ್‌ಗಳೊಡನೆ ಘೋರವಿಷವಾದ ಹೈಡ್ರೋಜನ್ ಸಯನೈಡ್ ಬೇಕಾಗುತ್ತಿತ್ತು. ಹೊಸ ಕ್ರಮದಲ್ಲಿ ಡೈಎಥನೋಲಮೈನ್ ಎಂಬ ಅಗ್ಗದ ದ್ರವ್ಯವನ್ನು ಕಾಸ್ಟಿಕ್ ಸೋಡದ ನೀರಿನಲ್ಲಿ ತಾಮ್ರದ ಪುಡಿಯೊಡನೆ ಕಾಯಿಸುವರು. ಜಲಜನಕವು ಹೊರಟುಹೋಗಿ ಅಮಿನೋ ಆಮ್ಲದ ಲವಣವು ಉಳಿಯುವುದು. ಎರಡು ಮನೆಗಳ ಸಂಬಂಧ ಕೂಡಿಸಿ ತಾನು ಹೊರಗುಳಿಯುವ ಮಧ್ಯಸ್ಥನಂತೆ ತಾಮ್ರವು ಕೆಲಸ ನಡೆಸಿಯೂ ತಾನು ವ್ಯಯವಾಗದು. ಇಂಥ ವಸ್ತುವಿಗೆ ವೇಗವರ್ಧಕವೆಂದು ಹೆಸರು. ಸಯನೈಡನ್ನು ತಪ್ಪಿಸಿದ ಈ ಕ್ರಮಕ್ಕೆ 1996ರಲ್ಲಿ ಅಮೆರಿಕದ ಅಧ್ಯಕ್ಷೀಯ ಹಸಿರು ರಸಾಯನ ಪ್ರಶಸ್ತಿಯು ದೊರೆಯಿತು.

ಗುಣ.— ಗಿಡಗಳು ತಮಗೆ ಬೇಕಾದ ಮೂರು ಅಮಿನೋ ಆಮ್ಲಗಳನ್ನು ತಯಾರಿಸಿಕೊಳ್ಳುವ ದಾರಿಯನ್ನು ಗ್ಲೈಫೋಸೇಟ್ ಕಟ್ಟುವುದು. ಹಸಿರೆಲೆಯಿಂದ ಅದು ಬೇರಿಗಿಳಿಯುವುದರಿಂದ ಕರಿಕೆಯು ಬುಡಸಹಿತ ಸಾಯುವುದು. ಆದರೆ ಅದು ಕಳೆ, ಬೆಳೆ ಎಂಬ ಭೇದವನ್ನರಿಯದು. ಗಾಳಿಗೆ ತೇಲಿದ ಹನಿಯು ನೆರೆಯವನ ಹತ್ತಿ, ಶೇಂಗಾ, ಮೆಣಸಿನಗಿಡಗಳನ್ನೂ ಕೆಡಿಸುವುದು.

ನೀರು.— ತಾಮ್ರದ ಸಹಾಯದಿಂದ ಹುಟ್ಟುವ ಈ ದ್ರವ್ಯವನ್ನು ನೀರಿನೊಳಗಿನ ಸುಣ್ಣ, ಮೆಗ್ನೀಷಿಯಂ, ಕಬ್ಬಿಣದ ಅಂಶಗಳು ಕಟ್ಟಿಹಾಕಿ ನಿಷ್ಪ್ರಯೋಜಕ ಮಾಡುವವು. ಬೇಳೆ ಬೇಯದ, ಸಾಬೂನು ನೊರೆಯಾಗದ ಗಡಸು ನೀರಿನಲ್ಲಿ ಬೆರೆಸಿದ ಔಷಧವು ಬಹುಪಾಲು ವ್ಯರ್ಥ. ಕೆರೆಯ ರಾಡಿ ನೀರೂ ಕೂಡದು. ಜೇಡಿಯು ಅದನ್ನು ಹೀರಿಕೊಳ್ಳುವುದು. ಮಳೆನೀರು ಉತ್ತಮ. ಗಡಸು ನೀರೇ ಗತಿಯಾದರೆ, ಮೊದಲು 10 ಲೀಟರಿಗೆ 200 ಗ್ರಾಂ ಅಮೋನಿಯಂ ಸಲ್ಫೇಟ್ ಕರಗಿಸಿ ಬಳಿಕ ಔಷಧವನ್ನು ಬೆರೆಸತಕ್ಕದ್ದು.

ನಿಯಮ.— ನಮ್ಮ ದೇಶದಲ್ಲಿ ಇದಕ್ಕೆ ಅನುಮತಿಯಿರುವುದು ಚಹಾ ತೋಟಗಳಿಗೆ ಹಾಗೂ ಬೆಳೆಯಿಲ್ಲದ ಭೂಮಿಗೆ ಮಾತ್ರ. ಕೀಟನಿಯಂತ್ರಣ ನಿರ್ವಾಹಕರ ಮೂಲಕವಲ್ಲದೆ ಯಾರೂ ಬಳಸಕೂಡದೆಂದು ಕೇಂದ್ರ ಸರ್ಕಾರವು 2022ರಲ್ಲಿ ಅಧಿಸೂಚನೆ ಹೊರಡಿಸಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು ಇದನ್ನು ಬಹುಶಃ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆಯು ಇದಕ್ಕೆ ಸಮ್ಮತಿಸಲಿಲ್ಲ. ವಾದವೇನೇ ಇರಲಿ, ಸಿಂಪಡಿಸುವ ಆಳಿನ ದೇಹಕ್ಕೆ ಅದು ತಾಗದಂತೆ ನೋಡಿಕೊಳ್ಳುವ ಹೊಣೆಯು ಧಣಿಯದು. ಆದಕಾರಣ ಗ್ರಾಮದ ಹಿರಿಯರು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ನಿಯಮವನ್ನು ಎಲ್ಲರಿಗೂ ತಿಳಿಸಬೇಕು. ಬೆಳೆ ನಿಂತ ಹೊಲದಲ್ಲಿ ಮಾತ್ರ ಎಡೆಕುಂಟೆಯೂ ಕೈಗಳೆಯೂ ಈಗಲೂ ನಂಬತಕ್ಕ ಸಾಧನಗಳು.