ಚಕ್ಕುಬಂದಿಯನ್ನು ಒಂದೇ ಕಡೆ ತಿದ್ದಿ

ದೊಡ್ಡಬಳ್ಳಾಪುರದಲ್ಲಿ ನನ್ನದು ಡಿಟಿಪಿ ಕೆಲಸ. ಕ್ರಯಪತ್ರ, ವಿಭಾಗಪತ್ರ, ಅರ್ಜಿ, ಕರಾರು ಇವೆಲ್ಲ ಟೈಪ್ ಮಾಡಿಕೊಡುತ್ತೇನೆ. ನೋಡುವವರಿಗೆ ಇದು ಬರೀ ಬೆರಳಿನ ಕೆಲಸ. ಆದರೆ 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಈ ಕಡೆ ಗುಂಟೆ ಲೆಕ್ಕದ ಭೂಮಿಗೂ ಎಂಥ ಬೆಲೆ! ಒಂದು ಅಂಕಿ ಆಚೀಚೆಯಾದರೆ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ.

ಮನೆ ಭಾಗವೆಂದರೆ ಒಂದೇ ಕಾಗದವಲ್ಲ. ವಿಭಾಗಪತ್ರದ ಜೊತೆ ಪ್ರಮಾಣಪತ್ರ, ಖಾತೆ ಬದಲಾವಣೆಗೆ ಅರ್ಜಿ, ಕೆಲವೊಮ್ಮೆ ಜಿಪಿಎ. ಎಲ್ಲದರಲ್ಲೂ ಅದೇ ಷೆಡ್ಯೂಲು: ಸರ್ವೆ ನಂಬರು, ವಿಸ್ತೀರ್ಣ, ನಾಲ್ಕು ದಿಕ್ಕಿನ ಚಕ್ಕುಬಂದಿ. ಕರಡೆಲ್ಲ ಮುಗಿದ ಮೇಲೆ ಸರ್ವೆ ಇಲಾಖೆಯ 11ಇ ನಕ್ಷೆ ಕೈಗೆ ಬರುತ್ತದೆ. 1 ಎಕರೆ 10 ಗುಂಟೆ ಎಂದು ನಂಬಿದ್ದು 1 ಎಕರೆ 8 ಗುಂಟೆ ಆಗಿರುತ್ತದೆ. ಬೇರೆ ಕಡೆ ಕಾಗದ ಮಾಡಿಸಿದ್ದ ಹಿರಿಯರೊಬ್ಬರ ಅರ್ಜಿಯಲ್ಲಿ ಹೊಸ ವಿಸ್ತೀರ್ಣವಿತ್ತು, ನೋಂದಣಿಯಾದ ಪತ್ರದಲ್ಲಿ ಹಳೆಯದೇ ಉಳಿದಿತ್ತು. ತಿದ್ದುಪಡಿ ಪತ್ರಕ್ಕೆಂದು ಮದುವೆಯಾಗಿ ದೂರ ಹೋಗಿದ್ದ ಅಕ್ಕತಂಗಿಯರನ್ನೆಲ್ಲ ಮತ್ತೆ ಕರೆಸಬೇಕಾಯಿತು.

ಇದಕ್ಕೆ ಮದ್ದು ವರ್ಡ್‌ನಲ್ಲೇ ಇದೆ, ಬಳಸುವವರು ಕಡಿಮೆ. ಷೆಡ್ಯೂಲನ್ನು ನಾನು ಬೇರೆಯದೇ ಫೈಲಿನಲ್ಲಿ ಟೈಪ್ ಮಾಡಿ ಸೇವ್ ಮಾಡುತ್ತೇನೆ. ಅಲ್ಲಿಂದ ಕಾಪಿ ಮಾಡಿ, ಪ್ರತಿ ಪತ್ರದಲ್ಲೂ ಮಾಮೂಲಿ ಪೇಸ್ಟ್ ಬದಲು ಪೇಸ್ಟ್ ಸ್ಪೆಷಲ್‌ಗೆ ಹೋಗಿ ಪೇಸ್ಟ್ ಲಿಂಕ್ ಆರಿಸುತ್ತೇನೆ. ಆಮೇಲೆ ವಿಸ್ತೀರ್ಣ ತಿದ್ದುವುದು ಷೆಡ್ಯೂಲು ಫೈಲಿನಲ್ಲಿ ಮಾತ್ರ. ಉಳಿದ ಪತ್ರಗಳನ್ನು ತೆರೆದು ಕಂಟ್ರೋಲ್ ಎ, ಎಫ್9 ಒತ್ತಿದರೆ ಹೊಸ ಅಂಕಿ ತಾನಾಗಿ ಬಂದು ಕೂರುತ್ತದೆ. ಪತ್ರದೊಳಗೇ ತಿದ್ದಿದರೆ ಉಳಿಯುವುದಿಲ್ಲ. ಮುಂದಿನ ಸಲ ಎಫ್9 ಒತ್ತಿದಾಗ ಅದು ಅಳಿಸಿಹೋಗುತ್ತದೆ. ಷೆಡ್ಯೂಲು ಫೈಲಿನಲ್ಲೂ ಪೂರ್ತಿ ಅಳಿಸಿ ಹೊಸದಾಗಿ ಟೈಪ್ ಮಾಡಬಾರದು. ವರ್ಡ್ ಅಲ್ಲಿ ಕಣ್ಣಿಗೆ ಕಾಣದ ಬುಕ್‌ಮಾರ್ಕ್ ಇಟ್ಟಿರುತ್ತದೆ, ಅದು ಹೋದರೆ ಕೊಂಡಿಯೂ ಹೋಯಿತು.

ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಕೆಲಸ ಮಾಡುವವರು ಇನ್ನೊಂದು ಗಮನಿಸಬೇಕು. ಲಿಂಕ್ ಮಾಡುವಾಗ ಅನ್‌ಫಾರ್ಮ್ಯಾಟೆಡ್ ಆರಿಸಿದರೆ ಫಾಂಟು ಜೊತೆಗೆ ಬರುವುದಿಲ್ಲ, ಚಕ್ಕುಬಂದಿಯ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಫಾರ್ಮ್ಯಾಟೆಡ್ ಆರಿಸಿ. ಯೂನಿಕೋಡಿಗೆ ಬಂದುಬಿಟ್ಟರೆ ಈ ತಾಪತ್ರಯವೇ ಇಲ್ಲ. ಫೋಲ್ಡರಿನ ಜಾಗವನ್ನೂ ಬದಲಿಸಬೇಡಿ. ಲಿಂಕ್ ನೆನಪಿಟ್ಟುಕೊಳ್ಳುವುದು ಫೈಲಿನ ಪೂರ್ತಿ ವಿಳಾಸವನ್ನು. ಪೆನ್‌ಡ್ರೈವಿನಲ್ಲಿ ಪತ್ರವೊಂದನ್ನೇ ಒಯ್ದು ಬೇರೆ ಕಂಪ್ಯೂಟರಿನಲ್ಲಿ ಅಪ್‌ಡೇಟ್ ಕೊಟ್ಟರೆ ಷೆಡ್ಯೂಲಿನ ಬದಲು ಎರರ್ ಬರುತ್ತದೆ.

ಇಷ್ಟೆಲ್ಲ ಕಲಿಯಲು ಒಂದು ಮಧ್ಯಾಹ್ನ ಸಾಕು. ನನಗೆ ನಿಧಾನವಾಗಿ ಅರ್ಥವಾದದ್ದು, ಕೊಂಡಿಯನ್ನು ಯಾವಾಗ ಕತ್ತರಿಸಬೇಕು ಎನ್ನುವುದು. ಸಹಿ ಬೀಳುವ ಪತ್ರ ಇನ್ನು ಬದಲಾಗಕೂಡದು. ಆದ್ದರಿಂದ ಕರಡು ಒಪ್ಪಿಗೆಯಾದ ಕೂಡಲೇ ಬೇರೆ ಹೆಸರಿನಲ್ಲಿ ಪ್ರತಿ ಮಾಡಿ, ಪೂರ್ತಿ ಸೆಲೆಕ್ಟ್ ಮಾಡಿ ಕಂಟ್ರೋಲ್ ಶಿಫ್ಟ್ ಎಫ್9 ಒತ್ತುತ್ತೇನೆ. ಲಿಂಕ್ ಬಿಟ್ಟುಹೋಗಿ ಅಕ್ಷರ ಮಾತ್ರ ಉಳಿಯುತ್ತದೆ. ಪಿಡಿಎಫ್ ಮಾಡುವುದು ಅದಾದ ಮೇಲೆ.

ಯಾವುದಕ್ಕೆ ಲಿಂಕ್ ಬೇಕು, ಯಾವುದಕ್ಕೆ ಬೇಡ ಎನ್ನುವುದು ನಮ್ಮ ಜಿಲ್ಲೆಯ ಹೆಸರಿನ ವಿಷಯದಲ್ಲಿ ಇನ್ನೂ ಸೂಕ್ಷ್ಮ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಾದದ್ದು 1986ರಲ್ಲಿ. ಅದಕ್ಕೂ ಹಿಂದಿನ ಕ್ರಯಪತ್ರವನ್ನು ಉಲ್ಲೇಖಿಸುವಾಗ ಬೆಂಗಳೂರು ಜಿಲ್ಲೆ ಎಂದೇ ಇರಬೇಕು. 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂಬ ಹೆಸರಿಡಲು ಒಪ್ಪಿಗೆ ಕೊಟ್ಟಿತು. "ಈಗಲೇ ಹೊಸ ಹೆಸರು ಹಾಕ್ಬಿಡಣ್ಣ" ಎಂದು ಕೇಳಿದವರಿಗೆ ನಾನು ಹೇಳಿದ್ದು, ಅಧಿಸೂಚನೆ ಬರದೆ ಪತ್ರದಲ್ಲಿ ಹೆಸರು ಬದಲಾಗದು ಎಂದೇ. ಇಂದಿನ ಅರ್ಜಿಗೆ ಬೇಕಾದ ಜಿಲ್ಲೆಯ ಹೆಸರನ್ನು, ಬೀರಸಂದ್ರದ ಜಿಲ್ಲಾಡಳಿತ ಭವನದ ವಿಳಾಸವನ್ನು ಲಿಂಕ್ ಮಾಡಿ ಇಟ್ಟಿದ್ದೇನೆ. ಹಳೆಯ ಪತ್ರದಿಂದ ಎತ್ತಿಕೊಂಡ ಸಾಲಿಗೆ ಲಿಂಕ್ ಹಾಕುವುದೇ ಇಲ್ಲ. ಫೈಂಡ್ ರಿಪ್ಲೇಸ್ ಒತ್ತಿ ಎಲ್ಲವನ್ನೂ ಒಂದೇ ಏಟಿಗೆ ಬದಲಿಸುವವರಿಗೆ ಈ ವ್ಯತ್ಯಾಸ ತಿಳಿಯದು.

ಪತ್ರ ಮಾಡಿಸಲು ಬರುವವರಲ್ಲಿ ನನ್ನದೊಂದು ಕೋರಿಕೆ. ಟೈಪಿಸ್ಟರ ಮೇಲೆ ನಂಬಿಕೆಯಿರಲಿ, ಆದರೂ ಸಹಿಗೆ ಮುಂಚೆ ಪ್ರತಿ ಕಾಗದದ ಷೆಡ್ಯೂಲನ್ನೂ ಪಹಣಿ, ನಕ್ಷೆಯ ಪಕ್ಕದಲ್ಲಿಟ್ಟು ಒಮ್ಮೆ ಗಟ್ಟಿಯಾಗಿ ಓದಿಸಿಕೊಳ್ಳಿ.